ಹಾಫ್ನರ್ ಪಿಟೀಲು ಬಾಸ್‌ಗೆ ತಂತಿ: ಕಾಸರಗೋಡಿನ ಹವೆಗೆ ಯಾವ ಸೆಟ್ ಹೊಂದುತ್ತದೆ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಿಮ್ಮಲ್ಲಿರುವುದು 1960ರ ದಶಕದ ಹಾಫ್ನರ್ 500/1 (ಜರ್ಮನಿಯ ಹಾಫ್ನರ್ ಕಂಪೆನಿಯ, ಪಿಟೀಲಿನ ಆಕಾರದ ಬಾಸ್), ಅಥವಾ ಅದೇ ಅಚ್ಚಿನಲ್ಲಿ ಮಾಡಿದ ಟೊಳ್ಳು ಒಡಲಿನ ಹಳೆಯ ಬಾಸ್ ಗಿಟಾರ್. ನೀವಿರುವುದು ತಲಪಾಡಿಯಿಂದ ತೆಂಕಕ್ಕೆ, ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆ. ಹಾಗಿದ್ದರೆ ಲಾ ಬೆಲ್ಲಾ ಕಂಪೆನಿಯ 760ಎಫ್‌ಎಚ್‌ಬಿ2 ಎಂಬ ಫ್ಲಾಟ್ ತಂತಿಯ (ಹೊರಸುತ್ತು ಚಪ್ಪಟೆ ಪಟ್ಟಿಯದ್ದು) ಸೆಟ್ ತರಿಸಿ. ಅದು ಸಿಗದಿದ್ದರೆ ಥೊಮಾಸ್ಟಿಕ್-ಇನ್‌ಫೆಲ್ಡ್‌ನ ಜಾಝ್ ಫ್ಲಾಟ್. ಸ್ವರವೇ ಮುಖ್ಯ, ತಂತಿ ಏರಿಸುವ ಕೈಯೂ ಪಳಗಿದ್ದು ಎಂದಾದರೆ ಪಿರಮಿಡ್ ಗೋಲ್ಡ್. ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವ 45–105ರ (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ರೌಂಡ್ ಸೆಟ್ಟನ್ನು, ಅಂದರೆ ಹೊರಸುತ್ತು ದುಂಡು ತಂತಿಯದ್ದನ್ನು, ಮಾತ್ರ ಯಾರು ಎಷ್ಟು ಹೇಳಿದರೂ ಏರಿಸಬೇಡಿ.

ಈ ಬಾಸ್‌ಗೆ ಬೇರೆಯೇ ತಂತಿ ಯಾಕೆ ಬೇಕು ಎಂಬುದು ಅದರ ಕಟ್ಟಣೆಯಲ್ಲೇ ಇದೆ. ವಾಲ್ಟರ್ ಹಾಫ್ನರ್ ರೂಪಿಸಿದ ಈ ವಾದ್ಯ ಹೊರಬಂದದ್ದು 1956ರಲ್ಲಿ. ಹಾಫ್ನರ್ ಮನೆತನದ ಮೂಲ ಕಸುಬು ಪಿಟೀಲು ಮಾಡುವುದು. ಅವರ ಬಾಸ್ ಕೂಡ ಪಿಟೀಲಿನ ಜಾತಿಯದ್ದೇ: ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕ ಮೇಪಲ್, ಒಳಗೆ ಪೂರ್ತಿ ಟೊಳ್ಳು. ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜನ್ನು ಸ್ಕ್ರೂ ಹಾಕಿ ಕೂರಿಸಿಲ್ಲ. ತಂತಿಗಳ ಒತ್ತಡದಿಂದಲೇ ಅದು ಹಲಗೆಯ ಮೇಲೆ ನಿಂತಿರುತ್ತದೆ. ತಂತಿಯ ಒಂದು ತುದಿಯ ಲೋಹದ ಗುಂಡು ಸಿಕ್ಕಿಸುವುದು ಒಡಲಿನ ಬುಡದಿಂದ ಚಾಚಿಕೊಂಡ ಟೇಲ್‌ಪೀಸ್‌ಗೆ. ಸ್ಕೇಲ್, ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ, 30 ಇಂಚು. ಫೆಂಡರ್‌ನ ಪ್ರಿಸಿಶನ್ ಮತ್ತು ಜಾಝ್ ಬಾಸ್‌ಗಳದ್ದು 34. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಒಂದನ್ನು ಕೊಂಡ ಮೇಲೆ ಲೋಕಕ್ಕೆಲ್ಲ ಇದರ ಪರಿಚಯವಾಯಿತು, ಜಪಾನಿನಲ್ಲಿ ನಕಲುಗಳು ಧಾರಾಳವಾಗಿ ತಯಾರಾದವು. ಗಲ್ಫಿನ ನಂಟಿರುವ ನಮ್ಮ ಊರುಗಳಲ್ಲಿ, ಹಳೆಯ ಗಾನಮೇಳ ತಂಡಗಳ ಮತ್ತು ಚರ್ಚ್ ಗಾಯನ ತಂಡಗಳ ಸಾಮಾನಿನ ನಡುವೆ ಅಂಥ ಜಪಾನಿ ಬಾಸ್ ಸಿಕ್ಕಿದರೆ ಆಶ್ಚರ್ಯವಿಲ್ಲ. ಮುಂದೆ ಹೇಳುವ ಅಳತೆಯ ಕ್ರಮ ಅಸಲಿಗೂ ನಕಲಿಗೂ ಒಂದೇ.

ಕಂಪೆನಿಯ ಹೆಸರು ಆಮೇಲೆ ನೋಡಿದರಾಯಿತು. ಮೊದಲು ಬೇಕಾದದ್ದು ಉದ್ದ, ಎಳೆತ, ದಪ್ಪ, ಇದೇ ಅನುಕ್ರಮದಲ್ಲಿ.

ಉದ್ದದಲ್ಲೇ ಹೆಚ್ಚಿನ ಹಣ ಪೋಲಾಗುವುದು. ಪೊಟ್ಟಣದ ಮೇಲೆ "ಶಾರ್ಟ್ ಸ್ಕೇಲ್" ಎಂದು ಕಂಡ ಕೂಡಲೇ ಸರಿಹೋಯಿತು ಅಂದುಕೊಳ್ಳುತ್ತಾರೆ. ಸ್ಕೇಲ್ ಎಂದರೆ ನಟ್‌ನಿಂದ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಸೀಳುಗಳ ಪಟ್ಟಿ) ಬ್ರಿಡ್ಜ್‌ವರೆಗೆ ಮಿಡಿಯುವ ಭಾಗದ ಉದ್ದ ಮಾತ್ರ. ಗುಂಡು ಎಲ್ಲಿ ಕೂರುತ್ತದೆ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಗಿಬ್ಸನ್ ಇಬಿ-0 ಬಾಸ್‌ನಲ್ಲಿ ಗುಂಡು ಬ್ರಿಡ್ಜ್‌ನ ಬೆನ್ನಿಗೇ ಕೂರುತ್ತದೆ. ಹಾಫ್ನರ್‌ನಲ್ಲಿ ಬ್ರಿಡ್ಜ್ ದಾಟಿದ ಮೇಲೆ ಟೇಲ್‌ಪೀಸ್ ಮುಟ್ಟಲು ತಂತಿ ಇನ್ನೂ ಕೆಲವು ಇಂಚು ಹೋಗಬೇಕು. ಬಾಸ್ ತಂತಿ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ಬಿರಡೆಗೆ ಸುತ್ತುವ ತುದಿಯಲ್ಲಿ ಸಣಕಲಾಗಿ, ಅಲ್ಲಿಂದ ಬಣ್ಣದ ನೂಲಿನ ಹೊದಿಕೆ ಶುರುವಾಗುತ್ತದೆ. ದಪ್ಪ ಭಾಗ ನಟ್ ದಾಟುವ ಮೊದಲೇ ಮುಗಿದರೆ ಸಣಕಲು ತುದಿಯೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಬಂದು ಕೂರುತ್ತದೆ. ಆಗ ಇ ತಂತಿ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂದು ನಾಲ್ಕು) ಸತ್ತಂತೆ ನುಡಿಯುತ್ತದೆ, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಶ್ರುತಿ ಕೂಡುವುದಿಲ್ಲ. ಬ್ರಿಡ್ಜ್ ಎಷ್ಟು ಸರಿಸಿದರೂ ಅದು ಸರಿಯಾಗದು, ಯಾಕೆಂದರೆ ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ.

ಅಳೆಯುವುದು ಹೀಗೆ. ಬಟ್ಟೆ ಹೊಲಿಯುವವರ ಟೇಪ್ ತೆಗೆದುಕೊಂಡು, ಟೇಲ್‌ಪೀಸ್‌ನಲ್ಲಿ ಇ ತಂತಿಯ ಗುಂಡು ಕೂರುವ ಜಾಗದಿಂದ ಶುರುಮಾಡಿ, ಬ್ರಿಡ್ಜ್‌ನ ಮೇಲಿನಿಂದ ಹಾಯಿಸಿ ನಟ್‌ನ ಹೊರ ಅಂಚಿನವರೆಗೆ ಎಳೆಯಿರಿ. ಇದು ಮೊದಲ ಅಂಕಿ. ಅಲ್ಲಿಂದ ಇ ಬಿರಡೆಯ ಕಂಬದವರೆಗಿನದ್ದು ಎರಡನೆಯದ್ದು. ಹಾಫ್ನರ್‌ನ ತಲೆಯಲ್ಲಿ ಬಿರಡೆಗಳು ಎರಡೂ ಕಡೆ ಎರಡೆರಡು. ಇ ಮತ್ತು ಜಿ ಹತ್ತಿರ, ಎ ಮತ್ತು ಡಿ ದೂರ. ಹೀಗಾಗಿ ಎಲ್ಲಕ್ಕಿಂತ ದಪ್ಪದ ಇ ತಂತಿಗೇ ಎಲ್ಲಕ್ಕಿಂತ ಕಡಿಮೆ ಜಾಗ. ಗುಂಡಿನಿಂದ ನೂಲು ಶುರುವಾಗುವಲ್ಲಿಯವರೆಗಿನ ತಂತಿಯ ಉದ್ದ ಮೊದಲ ಅಂಕಿಗಿಂತ ಹೆಚ್ಚಿರಬೇಕು. ಎರಡೂ ಅಂಕಿ ಕೂಡಿಸಿದರೆ ಬರುವುದಕ್ಕಿಂತ ಕಡಿಮೆ ಇರಬೇಕು. ನೂಲು ಶುರುವಾಗುವುದು ನಟ್ ಮತ್ತು ಕಂಬದ ನಡುವಿನ ಆ ಚಿಕ್ಕ ಅಂತರದಲ್ಲೇ ಆಗಬೇಕು. ನಾಲ್ಕೂ ತಂತಿಗೆ ಬೇರೆ ಬೇರೆಯಾಗಿ ಅಳೆದು ಬರೆದಿಟ್ಟುಕೊಳ್ಳಿ. ಈಗ ಏರಿಸಿರುವ ಹಳೆಯ ಸೆಟ್ ಸರಿಯಾಗಿ ಕೂತಿದ್ದರೆ, ಅದನ್ನು ಬಿಚ್ಚಿದಾಗ ಅದೇ ತಂತಿಯನ್ನು ನೆಲದ ಮೇಲೆ ಚಾಚಿ ಅಳೆದರೆ ಇನ್ನೂ ನಿಖರ.

34ರ ಉದ್ದನೆಯ ಸೆಟ್ ತಂದು ಕತ್ತರಿಸಿ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಆಗ ದಪ್ಪ ಭಾಗವೇ ಬಿರಡೆಯ ಕಂಬಕ್ಕೆ ಸುತ್ತಿಕೊಳ್ಳಬೇಕಾಗುತ್ತದೆ. ಫ್ಲಾಟ್ ತಂತಿಯ ಹೊರಸುತ್ತು ಚಪ್ಪಟೆ ಪಟ್ಟಿ. ಅಷ್ಟು ಚಿಕ್ಕ ಕಂಬದ ಸುತ್ತ ಬಗ್ಗಿಸಿದರೆ ಪಟ್ಟಿಗಳ ನಡುವೆ ಸಂದು ಬಿಡುತ್ತದೆ, ಕೆಲವೊಮ್ಮೆ ಪಟ್ಟಿ ಸೀಳಿ ಒಳತಂತಿ ಕಾಣುತ್ತದೆ. ಅಲ್ಲಿಂದ ಆ ತಂತಿ ಶ್ರುತಿ ಹಿಡಿಯುವುದಿಲ್ಲ. ಹಳೆಯ ಬಿರಡೆಯ ಹಲ್ಲುಗಳಿಗೂ ಅದು ಪೆಟ್ಟು.

ಇನ್ನು ಎಳೆತ. ತಂತಿಯ ಎಳೆತ ಅದರ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 34 ಇಂಚಿನಲ್ಲಿ 18 ಕಿಲೋ ಎಳೆಯುವ ತಂತಿ ಅದೇ ಶ್ರುತಿಗೆ 30 ಇಂಚಿನಲ್ಲಿ 14 ಕಿಲೋ ಮಾತ್ರ ಎಳೆಯುತ್ತದೆ, ಅಂದರೆ ಸುಮಾರು ಶೇಕಡಾ 22 ಕಡಿಮೆ. ಇದನ್ನು ಕೇಳಿ, ಹಾಗಾದರೆ ದಪ್ಪದ ತಂತಿ ಹಾಕಿ ಸರಿದೂಗಿಸೋಣ ಎಂದು ಹೊರಟರೆ ಪೆಟ್ಟು ಬೀಳುವುದು ಮೇಲ್ಹಲಗೆಗೆ. 45–100ರ ಸಾಮಾನ್ಯ ನಿಕೆಲ್ ರೌಂಡ್ ಸೆಟ್ 30 ಇಂಚಿನಲ್ಲಿ ಒಟ್ಟು 60 ಕಿಲೋ ಆಸುಪಾಸು ಎಳೆಯುತ್ತದೆ. ತಂತಿ ಬ್ರಿಡ್ಜ್‌ನ ಮೇಲೆ ಬಗ್ಗುವ ಕೋನ 12 ಡಿಗ್ರಿ ಎಂದಿಟ್ಟುಕೊಂಡರೆ, ಅದರಲ್ಲಿ 12 ಕಿಲೋಗಿಂತ ತುಸು ಹೆಚ್ಚು ಭಾರ ಕೆಳಮುಖವಾಗಿ ಹಲಗೆಯ ಮೇಲೆ ಬೀಳುತ್ತದೆ. ಎಳೆತ 80ಕ್ಕೆ ಏರಿದರೆ ಆ ಭಾರ 16 ದಾಟುತ್ತದೆ. ಅರವತ್ತು ವರ್ಷ ಹಳೆಯ ತೆಳು ಸ್ಪ್ರೂಸ್ ಹಲಗೆ, ಅದರ ಮೇಲೆ ನಮ್ಮ ಮಳೆಗಾಲದ ತೇವ. ಬ್ರಿಡ್ಜ್‌ನ ಕಾಲಿನ ಸುತ್ತ ಹಲಗೆ ತಗ್ಗಿದೆಯೇ ಎಂದು ತಿಳಿಯಲು ಉಕ್ಕಿನ ಅಳತೆಪಟ್ಟಿ ಅಡ್ಡ ಹಿಡಿದು ಬೆಳಕಿಗೆ ನೋಡಿ. ಒಡಲಿನ ಉಬ್ಬು ಎರಡೂ ಕಡೆ ಒಂದೇ ಹದದಲ್ಲಿ ಇಳಿಯಬೇಕು. ಬ್ರಿಡ್ಜ್‌ನ ಅಡಿ ಮಾತ್ರ ಬಟ್ಟಲಿನಂತೆ ತಗ್ಗಿದ್ದರೆ ಭಾರ ಜಾಸ್ತಿಯಾಗಿದೆ ಎಂದೇ ಅರ್ಥ. ಬೆನ್ನಿನ ಅಂಚಿನಲ್ಲಿ ಅಂಟು ಬಿಟ್ಟಿದೆಯೇ, ಕುತ್ತಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆಯೇ ಎಂಬುದನ್ನೂ ನೋಡಬೇಕು. ತೀರಾ ಹಳೆಯ 500/1ಗಳ ಕುತ್ತಿಗೆಯಲ್ಲಿ ತಿರುಗಿಸಿ ಸರಿಪಡಿಸುವ ಟ್ರಸ್ ರಾಡ್ ಕೂಡ ಇಲ್ಲ, ಬಾಗಿದರೆ ಬಾಗಿದ್ದೇ.

ಈಗಾಗಲೇ ಸೊರಗಿದ ವಾದ್ಯವಾದರೆ ಒಂದು ದಾರಿ ಇದೆ. ನಾಲ್ಕೂ ತಂತಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದರೆ ಎಳೆತ ಶೇಕಡಾ 11ರಷ್ಟು ತಗ್ಗುತ್ತದೆ. ಭಜನೆಗೋ ಚರ್ಚ್ ಹಾಡಿಗೋ ನುಡಿಸುವವರು ಶ್ರುತಿಯನ್ನು ಬೆರಳಲ್ಲೇ ಹೊಂದಿಸಿಕೊಳ್ಳಬಹುದು.

ದಪ್ಪದ ವಿಚಾರ ಚಿಕ್ಕದು. 500/1ಕ್ಕೆ ನಟ್‌ನ ಪಕ್ಕದಲ್ಲೇ ಸೊನ್ನೆ ಫ್ರೆಟ್ ಇದೆ: ತಂತಿಯ ಎತ್ತರ ನಿರ್ಧರಿಸುವುದು ಆ ಫ್ರೆಟ್, ನಟ್‌ನ ಕೆಲಸ ತಂತಿಗಳನ್ನು ಅಂತರದಲ್ಲಿ ಹಿಡಿಯುವುದಷ್ಟೇ. ಆದರೂ ನಟ್‌ನ ಸೀಳು ಕಿರಿದಾಗಿದ್ದು ದಪ್ಪ ತಂತಿ ಅದರಲ್ಲಿ ಸಿಕ್ಕಿಕೊಂಡರೆ, ಬಿರಡೆ ತಿರುಗಿಸಿದಾಗ ಶ್ರುತಿ ಏರುವುದಿಲ್ಲ, ಆಮೇಲೆ ಒಮ್ಮೆಲೇ "ಟಿಕ್" ಎಂದು ಜಿಗಿಯುತ್ತದೆ. ಬಿರಡೆಯ ಕಂಬದ ರಂಧ್ರವನ್ನೂ ಡ್ರಿಲ್ ಬಿಟ್‌ನ ಹಿಂತುದಿ ತೂರಿಸಿ ಅಳೆದುಕೊಳ್ಳಿ. ನೂಲು ಸೇರಿ ಇ ತಂತಿಯ ತುದಿ ಅದರಲ್ಲಿ ಹೋಗಬೇಕು. ಹಳೆಯ ನಟ್ಟನ್ನಾಗಲಿ ಕಂಬವನ್ನಾಗಲಿ ಕೊರೆದು ದೊಡ್ಡದು ಮಾಡುವುದಕ್ಕಿಂತ ತೆಳುವಾದ ಸೆಟ್ ಕೊಳ್ಳುವುದು ಲೇಸು.

ಸೆಟ್‌ಗಳ ಮಾತಿಗೆ ಬರೋಣ.

ಲಾ ಬೆಲ್ಲಾ 760ಎಫ್‌ಎಚ್‌ಬಿ2 ಇದೇ ಬಾಸ್‌ಗಾಗಿ ಮಾಡಿದ್ದು. ದಪ್ಪ 39, 56, 77, 96. ಅಂದರೆ ಇಂಚಿನ ಸಾವಿರದ ಭಾಗಗಳಲ್ಲಿ. ಗುಂಡಿನಿಂದ ನೂಲಿನವರೆಗಿನ ಉದ್ದವನ್ನು ಹಾಫ್ನರ್‌ನ ಟೇಲ್‌ಪೀಸ್ ಲೆಕ್ಕ ಹಾಕಿಯೇ ಇಟ್ಟಿದ್ದಾರೆ, ಹಾಗಾಗಿ ಅಸಲಿ 500/1 ಇರುವವರಿಗೆ ಉದ್ದದ ತಲೆಬಿಸಿ ಇಲ್ಲ. ಹೊರಸುತ್ತು ಸ್ಟೇನ್‌ಲೆಸ್ ಸ್ಟೀಲ್. ಉಪ್ಪುಗಾಳಿಗೆ ಇದು ತಡೆದುಕೊಳ್ಳುತ್ತದೆ ಎಂಬುದೇ ನಮ್ಮ ಕಡೆಯವರಿಗೆ ಇದನ್ನು ಮೊದಲು ಹೇಳಲು ಕಾರಣ. ಹೊಸತರಲ್ಲಿ ಸ್ವಲ್ಪ ಝಣಝಣ ಇರುತ್ತದೆ, ನಾಲ್ಕಾರು ವಾರ ನುಡಿಸಿದ ಮೇಲೆ ಅದು ಇಳಿದು, ಹೊಡೆದ ಕೂಡಲೇ ದುಂಡಗೆ ಎದ್ದು ಬೇಗ ಅಡಗುವ ಆ ಹಳೆಯ ಸ್ವರ ಬರುತ್ತದೆ. ಕೊರತೆ ಎಂದರೆ ಜಿ ತಂತಿ: 39 ತೆಳುವಾದದ್ದು, ಪ್ಲೆಕ್ಟ್ರಮ್ (ಮೀಟುವ ಬಿಲ್ಲೆ) ಹಿಡಿದು ಬಲವಾಗಿ ಹೊಡೆಯುವವರಿಗೆ ಅದು ಫ್ರೆಟ್‌ಗೆ ತಾಗಿ ಸದ್ದು ಮಾಡುತ್ತದೆ.

ಥೊಮಾಸ್ಟಿಕ್-ಇನ್‌ಫೆಲ್ಡ್ ವಿಯೆನ್ನಾದ ಕಂಪೆನಿ. ಅವರ ಜಾಝ್ ಫ್ಲಾಟ್ ನಿಕೆಲ್ ಸುತ್ತಿನದ್ದು, ಎಳೆತ ಬಹಳ ಕಡಿಮೆ. ಬೆರಳಿಗೆ ಇಷ್ಟು ಮೆದುವಾದ ಫ್ಲಾಟ್ ತಂತಿ ಬೇರೆ ಇಲ್ಲ. ಹಲಗೆ ತಗ್ಗಿದ, ಕುತ್ತಿಗೆ ಸೊರಗಿದ ವಾದ್ಯಕ್ಕೆ ಕಣ್ಣುಮುಚ್ಚಿ ಇದನ್ನೇ ಹೇಳಬಹುದು. ಫ್ಲಾಟ್ ಆದರೂ ಮಧ್ಯಸ್ವರಗಳು ತೆರೆದು ಕೇಳುತ್ತವೆ, ಗಾನಮೇಳದಲ್ಲಿ ಕೀಬೋರ್ಡಿನ ನಡುವೆ ಕಳೆದುಹೋಗುವುದಿಲ್ಲ. ಆದರೆ ಬಲಗೈ ಬಿರುಸಿನವರಿಗೆ ಇದು ಅಲ್ಲ. ಬಲವಾಗಿ ಮೀಟಿದರೆ ಸ್ವರ ಮೊದಲು ಏರಿ ಆಮೇಲೆ ಇಳಿದು ನಿಲ್ಲುತ್ತದೆ; 30 ಇಂಚಿನಲ್ಲಿ ಅದು ಇನ್ನಷ್ಟು ಎದ್ದು ಕಾಣುತ್ತದೆ. ಬೆಲೆಯೂ ಸಾಮಾನ್ಯ ರೌಂಡ್ ಸೆಟ್‌ನ ಎರಡು-ಮೂರು ಪಟ್ಟು. ಬೇರೆ ಬೇರೆ ಸ್ಕೇಲ್‌ಗೆ ಬೇರೆ ಬೇರೆ ಸೆಟ್ ಇವೆ, ಆರ್ಡರ್ ಹಾಕುವಾಗ ಅಂಕಿ ಸರಿ ನೋಡಿ: ಜೆಎಫ್344 ಉದ್ದನೆಯ 34ರದ್ದು, ಜೆಎಫ್324 ಚಿಕ್ಕ ಸ್ಕೇಲ್‌ನದ್ದು. ಒಂದೇ ಅಂಕಿಯ ವ್ಯತ್ಯಾಸ, ಅಂಗಡಿಯವರು ಇದ್ದದ್ದನ್ನೇ ಕಳಿಸಿಬಿಡುವುದುಂಟು.

ಪಿರಮಿಡ್ ಗೋಲ್ಡ್ ಬಗ್ಗೆ ಬರೆಯುವಾಗ ಸ್ವಲ್ಪ ಪಕ್ಷಪಾತ ಬಂದೇ ಬರುತ್ತದೆ. ಈ ತಂತಿ ತಯಾರಾಗುವುದು ಜರ್ಮನಿಯ ಬುಬೆನ್‌ರಾಯ್ಟ್ ಎಂಬ ಸಣ್ಣ ಊರಿನಲ್ಲಿ. 1960ರ ದಶಕದ 500/1ಗಳು ತಯಾರಾದದ್ದೂ ಅದೇ ಊರಿನಲ್ಲಿ. ಬೊಹೆಮಿಯಾದ (ಈಗಿನ ಚೆಕ್ ದೇಶ) ಶೋನ್‌ಬಾಖ್‌ನಲ್ಲಿ ಪಿಟೀಲು ಮತ್ತು ಗಿಟಾರ್ ಮಾಡಿಕೊಂಡಿದ್ದ ಜರ್ಮನ್ ಕುಟುಂಬಗಳು ಎರಡನೆಯ ಮಹಾಯುದ್ಧದ ನಂತರ ಅಲ್ಲಿಂದ ಹೊರಬೀಳಬೇಕಾಯಿತು. ಅವರು 1949ರಿಂದ ಬಂದು ನೆಲೆಯೂರಿದ್ದು ಬುಬೆನ್‌ರಾಯ್ಟ್‌ನಲ್ಲಿ. ವಾದ್ಯವೂ ತಂತಿಯೂ ಒಂದೇ ಕಸುಬಿನ ಕೇರಿಯಿಂದ ಬಂದವು, ಒಂದಕ್ಕೊಂದು ಒದಗುವುದು ಸಹಜ. ಶುದ್ಧ ನಿಕೆಲ್ ಸುತ್ತು, ದುಂಡನೆಯ ಒಳತಂತಿ. ಸ್ವರ ತುಂಬಿಕೊಂಡು ಬರುತ್ತದೆ, ಕೆಳಸ್ಥಾಯಿಯಲ್ಲಿ ಮಬ್ಬಿಲ್ಲ.

ಆದರೆ ಆ ದುಂಡು ಒಳತಂತಿಯೇ ಎಚ್ಚರ ಬೇಡುವುದು. ಈಗಿನ ಹೆಚ್ಚಿನ ತಂತಿಗಳ ಒಳಗಿರುವುದು ಆರು ಮೂಲೆಯ ಉಕ್ಕು, ಅದರ ಮೂಲೆಗಳೇ ಸುತ್ತನ್ನು ಕಚ್ಚಿ ಹಿಡಿಯುತ್ತವೆ. ದುಂಡು ಒಳತಂತಿಗೆ ಆ ಹಿಡಿತವಿಲ್ಲ. ತುದಿಯನ್ನು ನೇರವಾಗಿ ಕತ್ತರಿಸಿದರೆ ಹೊರಪಟ್ಟಿ ಅಲ್ಲಿಂದಲೇ ಸಡಿಲವಾಗಿ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತಂತಿ ನೋಡಲು ಸರಿ ಇದ್ದರೂ ಒಳಗೆ ಸುತ್ತು ಸಡಿಲಾಗಿ ಸ್ವರ ಸತ್ತಿರುತ್ತದೆ. ಕತ್ತರಿಸುವ ಜಾಗಕ್ಕಿಂತ ಅರ್ಧ ಇಂಚು ಮೊದಲು ಇಕ್ಕಳದಿಂದ ಹಿಡಿದು ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ, ಆ ಬಾಗನ್ನು ಹಾಗೆಯೇ ಉಳಿಸಿ, ಅದರಾಚೆಗೆ ಕತ್ತರಿಸಿ. ಬಾಗು ರಂಧ್ರದೊಳಗೆ ಹೋಗಿ ಕೂರಬೇಕು. ಇದೊಂದನ್ನು ಪಾಲಿಸದೆ ಹಾಳಾದ ಸೆಟ್‌ಗೆ ಕಂಪೆನಿಯನ್ನು ದೂರುವುದು ಸರಿಯಲ್ಲ.

ಡಿ'ಅಡಾರಿಯೊ ಕ್ರೋಮ್ಸ್‌ನ ಚಿಕ್ಕ ಸ್ಕೇಲ್ ಸೆಟ್, ಇಸಿಬಿ81ಎಸ್, ಭಾರತದಲ್ಲಿ ಹುಡುಕಲು ಎಲ್ಲಕ್ಕಿಂತ ಸುಲಭ. 45, 65, 80, 100. ಸ್ಟೇನ್‌ಲೆಸ್, ನಯಗೊಳಿಸಿದ ಮೈ, ಫ್ಲಾಟ್‌ಗಳಲ್ಲೇ ಹೊಳಪಿನ ಸ್ವರ. ಗುಣಮಟ್ಟಕ್ಕೆ ದೂರಿಲ್ಲ. ಆದರೆ ಇದು ಗಟ್ಟಿ ತಂತಿ, ಟೊಳ್ಳು ಒಡಲಿಗೆ ಭಾರ. ಉದ್ದವನ್ನು ಟೇಪ್ ಹಿಡಿದು ನೋಡದೆ ಹಾಫ್ನರ್‌ಗೆ ಕೊಳ್ಳಲೇಬಾರದು. ಗಟ್ಟಿ ಮರದ ಒಡಲಿನ, ಗುಂಡು ಬ್ರಿಡ್ಜ್‌ನಲ್ಲೇ ಕೂರುವ 30 ಇಂಚಿನ ಜಪಾನಿ ಬಾಸ್‌ಗಳಿಗೆ ಇದೇ ನಮ್ಮ ಮೊದಲ ಆಯ್ಕೆ.

ಇಂಗ್ಲೆಂಡಿನ ರೋಟೊಸೌಂಡ್‌ನ ಜಾಝ್ ಬಾಸ್ 77 ಮೊನೆಲ್ ಲೋಹದ ಫ್ಲಾಟ್. ಮೊನೆಲ್ ಎಂದರೆ ನಿಕೆಲ್ ಮತ್ತು ತಾಮ್ರದ ಮಿಶ್ರಣ. ಸಮುದ್ರದ ನೀರಿಗೆ ಜಗ್ಗದ್ದು ಎಂದೇ ಹಡಗಿನ ಭಾಗಗಳಿಗೆ ಬಳಸುತ್ತಾರೆ. ಕಡಲ ಬದಿಯಲ್ಲೇ ಮನೆ ಇರುವ, ಕೈ ತುಂಬ ಬೆವರುವ ಬಾಸ್‌ವಾದಕರಿಗೆ ಇದನ್ನು ಧೈರ್ಯವಾಗಿ ಹೇಳಬಹುದು. ಕೈಗೆ ಬಿರುಸು. ಚಿಕ್ಕ ಸ್ಕೇಲ್‌ನದ್ದನ್ನೇ ಕೇಳಿ ತರಿಸಬೇಕು, ಹಲಗೆ ಗಟ್ಟಿಮುಟ್ಟಾಗಿದ್ದರೆ ಮಾತ್ರ.

ಕಪ್ಪು ನೈಲಾನ್ ಟೇಪ್ ಸುತ್ತಿದ ತಂತಿಗಳೂ ಲಾ ಬೆಲ್ಲಾದಲ್ಲಿ ಈ ಬಾಸ್‌ಗೆಂದೇ ಇವೆ. ಒಳಗೆ ಉಕ್ಕು ಇರುವುದರಿಂದ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸಾಧನ) ಕೇಳಿಸುತ್ತದೆ, ಸದ್ದು ಸ್ವಲ್ಪ ಮೆಲ್ಲಗೆ. ನಿಲ್ಲಿಸಿ ನುಡಿಸುವ ಡಬಲ್ ಬಾಸ್‌ಗೆ ಹತ್ತಿರದ ಸ್ವರ. ಭಜನೆ, ಭಾವಗೀತೆಗೆ ಬಹಳ ಚೆನ್ನ. ನೈಲಾನ್ ಕಾರಣ ದಪ್ಪ ಜಾಸ್ತಿ, ನಟ್‌ನ ಸೀಳಿಗೆ ಹೋಗುತ್ತದೆಯೇ ಎಂದು ಮೊದಲು ನೋಡಿ. ಅಕೌಸ್ಟಿಕ್ ಬಾಸ್‌ನ ಕಂಚಿನ ತಂತಿ ಮಾತ್ರ ಈ ಕಡೆ ತರಲೇಬೇಡಿ: ಅಯಸ್ಕಾಂತದ ಪಿಕಪ್ ಕಂಚಿನ ಸುತ್ತನ್ನು ಗುರುತಿಸುವುದಿಲ್ಲ, ಕೇಳಿಸುವುದು ಒಳತಂತಿಯ ಸದ್ದಷ್ಟೇ.

ರೌಂಡ್ ಬೇಡ ಎಂದದ್ದಕ್ಕೆ ಎಳೆತ ಒಂದೇ ಕಾರಣವಲ್ಲ. ಹಳೆಯ ಫ್ರೆಟ್‌ಗಳು ತೆಳು ಮತ್ತು ಮೆದು. ರೌಂಡ್ ತಂತಿಯ ಏಣುಗಳು, ಅದರಲ್ಲೂ ಸ್ಟೇನ್‌ಲೆಸ್‌ನದ್ದು, ಅವನ್ನು ಅರದ ಹಾಗೆ ತಿನ್ನುತ್ತವೆ. ಜೊತೆಗೆ ಆ ಏಣುಗಳ ನಡುವಿನ ಗೆರೆಯಲ್ಲಿ ಬೆವರು ಮತ್ತು ಉಪ್ಪು ನಿಂತುಬಿಡುತ್ತದೆ. ನಿಕೆಲ್ ಲೇಪದ ಉಕ್ಕಿನ ತಂತಿಯಾದರೆ ಲೇಪ ಸವೆದ ಜಾಗದಲ್ಲಿ ಒಂದೇ ಮಳೆಗಾಲದಲ್ಲಿ ಕಂದು ತುಕ್ಕು ಕಾಣುತ್ತದೆ.

ಕೊಳ್ಳುವುದು ಎಲ್ಲಿ? ಕಾಸರಗೋಡು ಪೇಟೆಯಲ್ಲಿ ಇಂಥ ಸೆಟ್ ಸಿಗುತ್ತದೆ ಎಂದು ಕಾಯಬೇಡಿ. ಮಂಗಳೂರಿನ ವಾದ್ಯದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು 34ರ ರೌಂಡ್. ಬೆಂಗಳೂರು ಅಥವಾ ಕೊಚ್ಚಿಯ ದೊಡ್ಡ ಅಂಗಡಿಗೆ ಹೇಳಿ ತರಿಸಬೇಕು, ಇಲ್ಲವೇ ಹೊರದೇಶದಿಂದ ನೇರ. ಅಂಗಡಿಗೆ ಫೋನ್ ಮಾಡುವಾಗ "ಹಾಫ್ನರ್‌ಗೆ ತಂತಿ ಉಂಟಾ" ಎಂದರೆ "ಉಂಟು" ಎಂಬ ಉತ್ತರವೇ ಬರುವುದು. ಬದಲಿಗೆ ಪೊಟ್ಟಣದ ಹಿಂಬದಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ, ಮಾದರಿಯ ಅಂಕಿ, ಸ್ಕೇಲ್, ನಾಲ್ಕೂ ತಂತಿಯ ದಪ್ಪ ಓದಿದ ಮೇಲೆಯೇ ಹಣ ಹಾಕಿ. ಗುಂಡಿನಿಂದ ನೂಲಿನವರೆಗಿನ ಉದ್ದ ಪೊಟ್ಟಣದ ಮೇಲೆ ಇಲ್ಲದಿದ್ದರೆ ಕಂಪೆನಿಗೇ ಇಮೇಲ್ ಬರೆದು ಕೇಳಬಹುದು. ಬಿಚ್ಚಿದ ಸೆಟ್ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ, ಕತ್ತರಿಸಿದ್ದನ್ನಂತೂ ಕೇಳುವುದೇ ಬೇಡ. ಪೆಟ್ಟಿಗೆ ತೆರೆದ ಕೂಡಲೇ ಇ ತಂತಿಯೊಂದನ್ನೇ ಬಿಡಿಸಿ, ಕತ್ತರಿಸದೆ, ಗುಂಡನ್ನು ಟೇಲ್‌ಪೀಸ್‌ನ ಜಾಗಕ್ಕೆ ಹಿಡಿದು ನೂಲು ಎಲ್ಲಿ ಬರುತ್ತದೆ ನೋಡಿ. ಅದು ಸರಿಯಿದ್ದರೆ ಉಳಿದ ಮೂರನ್ನು ಬಿಡಿಸಿ.

ಹೊರದೇಶದಿಂದ ತರಿಸುವವರು ತಂತಿಯ ಬೆಲೆಯನ್ನಷ್ಟೇ ನೋಡಬಾರದು. ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಸೇವಾಶುಲ್ಕ ಎಲ್ಲ ಸೇರುತ್ತದೆ. ಕೊರಿಯರ್‌ನಲ್ಲಿ ಬಂದರೆ ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಬಿಲ್ಲಿನಲ್ಲಿ ಸಂಗೀತ ವಾದ್ಯದ ತಂತಿ ಎಂದೂ ಸುಂಕದ ವರ್ಗ 9209 30 ಎಂದೂ ಸ್ಪಷ್ಟವಾಗಿ ಬರೆಯುವಂತೆ ಮಾರುವವರಿಗೆ ಹೇಳಿ. ಬರೀ "ಬಿಡಿಭಾಗ" ಎಂದಿದ್ದರೆ ಪಾರ್ಸೆಲ್ ಪ್ರಶ್ನೆಗೆ ಸಿಕ್ಕಿ ನಿಲ್ಲಬಹುದು. ಸುಲಭ ಬೆಲೆಗೆ ಆಸೆಪಟ್ಟು ಹೆಸರಿಲ್ಲದ ಆನ್‌ಲೈನ್ ಮಾರಾಟಗಾರರಿಂದ ಕೊಂಡರೆ ನಕಲಿ ಬರುವ ಅಪಾಯ ಇದ್ದೇ ಇದೆ. ಮುದ್ರಣ ಮಬ್ಬಾಗಿದ್ದರೆ, ಒಳಗಿನ ಪ್ಲಾಸ್ಟಿಕ್ ಚೀಲ ಸರಿಯಾಗಿ ಮುಚ್ಚಿರದಿದ್ದರೆ, ಗುಂಡಿನ ಬಳಿ ಸುತ್ತು ಸೊಟ್ಟಗಿದ್ದರೆ ಏರಿಸಬೇಡಿ.

ಏರಿಸುವ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಬಿದ್ದುಹೋಗುತ್ತದೆ, ಅದರ ಜಾಗವೂ ತಪ್ಪುತ್ತದೆ. ಒಂದೊಂದಾಗಿ ಬದಲಾಯಿಸಿ. ಶುರುಮಾಡುವ ಮೊದಲು ಬ್ರಿಡ್ಜ್‌ನ ಎರಡೂ ಕಾಲಿನ ಗುರುತಿಗೆ ಅಂಟುಚೀಟಿ ಹಚ್ಚಬಹುದು. ಪ್ಯಾಕಿಂಗ್ ಟೇಪ್ ಬೇಡ, ಹಳೆಯ ವಾರ್ನಿಷ್ ಅದರ ಜೊತೆಗೇ ಎದ್ದುಬರುತ್ತದೆ. ದಪ್ಪ ತಂತಿಗೆ ಕಂಬದಲ್ಲಿ ಎರಡು ಸುತ್ತು, ತೆಳುವಿಗೆ ಮೂರು, ಮೇಲಿನಿಂದ ಕೆಳಕ್ಕೆ. ಬಿಗಿ ಮಾಡುವಾಗ ತಂತಿ ತಿರುಚಿಕೊಳ್ಳಬಾರದು. ತಿರುಚಿದ ಇ ತಂತಿ ಮಿಡಿಯುವಾಗ ವಕ್ರವಾಗಿ ಸುತ್ತುತ್ತದೆ, ಒಂದೇ ಸ್ವರದಲ್ಲಿ ಎರಡು ಶ್ರುತಿ ಕೇಳಿಸುತ್ತದೆ. ಬಿರಡೆಯಿಂದ ಬಿಡಿಸಿ, ಅದರ ಪಾಡಿಗೆ ತಿರುಗಲು ಬಿಟ್ಟು ಮತ್ತೆ ಸುತ್ತಿ. ಪೂರ್ತಿ ಶ್ರುತಿಗೆ ಒಮ್ಮೆಲೇ ಏರಿಸದೆ, ಮೊದಲು ಒಂದು ಸ್ವರ ಕೆಳಗೆ ನಿಲ್ಲಿಸಿ, ಮರುದಿನ ಪೂರ್ತಿ ಮಾಡಿ.

ಬಿಗಿ ಮಾಡುತ್ತಾ ಹೋದಂತೆ ತಂತಿಗಳು ಬ್ರಿಡ್ಜ್‌ನ ತಲೆಯನ್ನು ನಟ್‌ನ ಕಡೆಗೆ ಎಳೆಯುತ್ತವೆ. ಪಕ್ಕದಿಂದ ನೋಡಿ, ಮುಂದಕ್ಕೆ ವಾಲಿದ್ದರೆ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ನೇರ ಮಾಡಿ. ಹಾಗೇ ಬಿಟ್ಟರೆ ಕಾಲು ಹಲಗೆಗೆ ಅಂಚಿನಲ್ಲಿ ಮಾತ್ರ ತಾಗಿ ಗುಳಿ ಬೀಳುತ್ತದೆ. ಸೊನ್ನೆ ಫ್ರೆಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ 15 ಇಂಚು. ಅಲ್ಲಿಂದ ಬ್ರಿಡ್ಜ್‌ಗೆ 15 ಇಂಚು ಮತ್ತು ಇನ್ನೂ ಕೆಲವು ಮಿಲಿಮೀಟರ್, ಇ ತಂತಿಯ ಕಡೆ ಸ್ವಲ್ಪ ಜಾಸ್ತಿ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಬರೀ ಮುಟ್ಟಿ ಬರುವ ಸ್ವರ ಮತ್ತು ಅಲ್ಲೇ ಒತ್ತಿ ಬರುವ ಸ್ವರ ಟ್ಯೂನರ್‌ನಲ್ಲಿ ಒಂದೇ ಆಗಬೇಕು. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜನ್ನು ಟೇಲ್‌ಪೀಸ್ ಕಡೆಗೆ, ಕೆಳಗಿದ್ದರೆ ನಟ್ ಕಡೆಗೆ. ಹಾಫ್ನರ್‌ನ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿಯ ಅಡಿಗೂ ಫ್ರೆಟ್ ತಂತಿಯ ಪುಟ್ಟ ತುಂಡು ಇದೆ, ಅದನ್ನು ಒಂದು ಗೀರಿನಿಂದ ಇನ್ನೊಂದಕ್ಕೆ ಬದಲಾಯಿಸಿ ಪ್ರತಿ ತಂತಿಗೂ ಬೇರೆ ಬೇರೆಯಾಗಿ ಹೊಂದಿಸಬಹುದು. ಬಿಗಿ ಇರುವಾಗ ಅದು ಅಲುಗುವುದಿಲ್ಲ. ತಂತಿ ಸಡಿಲಿಸಿದಾಗ ಜಾರಿ ಬಿದ್ದರೆ ಹುಡುಕುವುದು ಕಷ್ಟ, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಎತ್ತರ ಹನ್ನೆರಡನೆಯ ಫ್ರೆಟ್‌ನಲ್ಲಿ ಇ ತಂತಿಗೆ 2.5 ಮಿ.ಮೀ., ಜಿಗೆ 2 ಮಿ.ಮೀ. ಇದ್ದರೆ ಫ್ಲಾಟ್ ತಂತಿ ಸದ್ದಿಲ್ಲದೆ ನುಡಿಯುತ್ತದೆ.

ಬೆರಳಿಡದೆ ಮೀಟಿದಾಗ ಮಾತ್ರ ಝರ್ ಎನ್ನುತ್ತದೆ, ಎಲ್ಲಿ ಒತ್ತಿದರೂ ಸರಿಯಾಗುತ್ತದೆ ಎಂದಾದರೆ ದೋಷ ಹೊಸ ತಂತಿಯದ್ದಲ್ಲ, ಸೊನ್ನೆ ಫ್ರೆಟ್‌ನದ್ದು. ಹಿಂದಿನ ತಂತಿಗಳು ಅಲ್ಲಿ ಕೊರೆದ ಗೆರೆ ಉಗುರಿಗೆ ಸಿಗುತ್ತದೆ. ಆ ಒಂದು ಫ್ರೆಟ್ ಬದಲಾಯಿಸಿಸಿದರೆ ಮುಗಿಯಿತು. ಎಲ್ಲ ಫ್ರೆಟ್‌ಗಳಲ್ಲೂ ಇ ಮಾತ್ರ ಮಂಕಾಗಿದ್ದರೆ ನೂಲು ಎಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಪಿಕಪ್‌ನ ಎತ್ತರ.

ಹವೆಯ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿಯ ಎತ್ತರ ಏರುತ್ತದೆ. ಜನವರಿಯ ಒಣಗಾಳಿಗೆ ಇಳಿದು ಫ್ರೆಟ್‌ಗೆ ತಾಗುತ್ತದೆ. ಹೊಸ ಸೆಟ್ ಏರಿಸಿ ಎತ್ತರ ಹೊಂದಿಸಲು ಮಳೆ ಬಿಟ್ಟ ಮೇಲಿನ ಅಕ್ಟೋಬರ್–ನವೆಂಬರ್ ಒಳ್ಳೆಯದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾಗುವ ಜಾತಿಯದ್ದು. ಬಣ್ಣ ಬದಲಾದಾಗ ಪೊಟ್ಟಣದ ಮೇಲೆ ಬರೆದ ಕ್ರಮದಲ್ಲಿ ಒಣಗಿಸಿ, ಇಲ್ಲವೇ ಹೊಸತು ಹಾಕಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಪೆಟ್ಟಿಗೆ ಮುಚ್ಚಿಟ್ಟರೆ ಒಳಗಿನ ವೆಲ್ವೆಟ್‌ಗೆ ಬೂಸ್ಟು ಬರುತ್ತದೆ, ಗುಂಡಿನ ಬಳಿ ಒಳತಂತಿಗೆ ತುಕ್ಕು ಹಿಡಿಯುತ್ತದೆ. ಬಾಸ್ ತಂತಿ ತುಂಡಾಗುವುದಾದರೆ ಹೆಚ್ಚಾಗಿ ಅಲ್ಲಿಯೇ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಅಡಿಯೂ ಒರೆಸಿ. ಜಿಡ್ಡು ಕೂತಿದ್ದರೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ವಾರ್ನಿಷ್‌ಗೆ ತಾಗದಂತೆ ಒರೆಸಬಹುದು. ತುಕ್ಕಿಗೆಂದು ತೆಂಗಿನೆಣ್ಣೆ ಸವರುವ ರೂಢಿ ಬಿಡಿ, ಎಣ್ಣೆ ಧೂಳು ಹಿಡಿದು ಸುತ್ತಿನೊಳಗೆ ಅಂಟಾಗಿ ಸ್ವರ ಕೊಲ್ಲುತ್ತದೆ. ಕುದಿಸಿ ತೊಳೆಯುವ ಉಪಾಯ ರೌಂಡ್ ತಂತಿಗೆ ಸರಿ. ಫ್ಲಾಟ್‌ಗೆ ಬೇಡ, ಪಟ್ಟಿಗಳ ನಡುವೆ ಹೊಕ್ಕ ನೀರು ಆರುವುದಿಲ್ಲ.

ಇದೇ ಟೇಪ್ ಬೇರೆ ಹಳೆಯ ಬಾಸ್‌ಗಳಿಗೂ ಸಾಕು. ಗಿಬ್ಸನ್ ಇಬಿ-0 30.5 ಇಂಚು, ಅದರಲ್ಲಿ ಗುಂಡಿನ ಕಡೆಯ ನೂಲು ಬ್ರಿಡ್ಜ್‌ನ ಮೇಲೆ ಬಂದು ಕೂರುತ್ತದೆಯೇ ಎಂದು ನೋಡಬೇಕು; ಕೂತರೆ ಸ್ವರ ಮಂಕು. ರಿಕನ್‌ಬ್ಯಾಕರ್ 4001 33 ಕಾಲು ಇಂಚು, ಅದಕ್ಕೆ ಉದ್ದನೆಯ ಸೆಟ್ಟೇ. 1961ರಲ್ಲಿ ಬಂದ ಆರು ತಂತಿಯ ಫೆಂಡರ್ ಬಾಸ್ ಸಿಕ್ಸ್ 30 ಇಂಚು; ಅದರ 24–84ರ ಸೆಟ್‌ನಲ್ಲಿ ಇ ತಂತಿ ತೀರಾ ಸಡಿಲ ಎಂಬ ದೂರು ನಿಜ. ಇ 95 ಇರುವ ಲಾ ಬೆಲ್ಲಾ ಸೆಟ್ ಹಾಕಿದರೆ ಅದು ತೀರುತ್ತದೆ, ನಟ್‌ನ ಸೀಳು ಅಗಲಿಸಬೇಕಾಗಿ ಬರಬಹುದು.

ಬಿಚ್ಚಿದ ಹಳೆಯ ಫ್ಲಾಟ್ ಸೆಟ್ ಎಸೆಯಬೇಡಿ. ಒರೆಸಿ, ದೊಡ್ಡ ಸುರುಳಿ ಮಾಡಿ, ಸಿಲಿಕಾ ಪೊಟ್ಟಣದೊಡನೆ ಜಿಪ್ ಚೀಲದಲ್ಲಿಡಿ, ಮೇಲೆ ತಂತಿಯ ಹೆಸರು ಮತ್ತು ಗುಂಡಿನಿಂದ ನೂಲಿನವರೆಗಿನ ಉದ್ದ ಬರೆಯಿರಿ. ಹೊಸದರಲ್ಲಿ ಒಂದು ಕೈಕೊಟ್ಟರೆ ಬದಲಿ ತಂತಿ ಬರುವ ತನಕ ಅದು ನಡೆಸುತ್ತದೆ.